ನಿಂತು ನಿಂತು ಬಂದ ಕಾರು

ಬಾಣಂತನ ಮಾಡಲು ಕಡಲು ದಾಟಿ ಹೋದವಳು ನಮ್ಮ ಕಡೆ ನಾನೊಬ್ಬಳೇ ಇರಬೇಕು. ಗಂಡನ ಮನೆ ಜಗಳೂರಿನಿಂದ ತವರು ನ್ಯಾಮತಿಗೆ ಹೋಗಿ ತಂಗಿಯ ಬಾಣಂತನ ಮಾಡಿ ಬಂದೆ ಎಂದರೆ ಅದು ಸುದ್ದಿಯೇ ಅಲ್ಲ. ಕೆನಡಾ ದೇಶಕ್ಕೆ ಹೋಗಿ ಮಾಡಿ ಬಂದೆ ಎಂದದ್ದಕ್ಕೆ ಇವತ್ತಿಗೂ ಮದುವೆ ಮನೆಗಳಲ್ಲಿ ಯಾರಾದರೂ ಪಕ್ಕಕ್ಕೆ ಸರಿದು ಕೂತು, "ಅಲ್ಲಿ ಹೆಂಗೈತೆ ಹೇಳ್ರಿ" ಅನ್ನುತ್ತಾರೆ. ನಾನೇನು ಹೇಳಲಿ? ಅಲ್ಲಿಯ ದೊಡ್ಡ ಊರುಗಳನ್ನು ನೋಡಲಿಲ್ಲ, ಹೆಸರಾದ ಜಲಪಾತ ನೋಡಲಿಲ್ಲ. ನಾನು ನೋಡಿದ್ದು ಗೋಧಿ ಹೊಲ, ಜಲ್ಲಿ ರಸ್ತೆ, ರಸ್ತೆಯ ಎರಡೂ ಬದಿಗೆ ಹುಲ್ಲು ತುಂಬಿದ ತಗ್ಗು. ಅದೂ ಬಹಳ ಮಟ್ಟಿಗೆ ಹೆದರಿಕೊಂಡೇ ನೋಡಿದ್ದು.

ನ್ಯಾಮತಿಯ ಹೊಸ್ತಿಲು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ತಂಗಿ ಗಿರಿಜ ನನಗಿಂತ ಬಹಳ ಚಿಕ್ಕವಳು, ಅವಳ ತೊಟ್ಟಿಲು ತೂಗಿದವಳೇ ನಾನು. ಅವಳ ಗಂಡ ಶಿವಣ್ಣ ಹೊನ್ನಾಳಿಯವರು, ಲೆಕ್ಕದ ಮೇಷ್ಟ್ರು. ಕೆನಡಾದ ಹಳ್ಳಿಗಾಡಿನ ಶಾಲೆಯೊಂದಕ್ಕೆ ಮೇಷ್ಟ್ರು ಬೇಕೆಂದು ಕರೆದರು ಎಂದು ಹೋದವರು ಅಲ್ಲಿಯೇ ಮನೆ ಹೂಡಿದ್ದರು. ಮೊದಲ ಬಸಿರು ಏಳನೇ ತಿಂಗಳಿಗೆ ಕೈತಪ್ಪಿ ಹೋಗಿತ್ತು. ಆ ಸುದ್ದಿ ಹೊತ್ತ ಕಾಗದ ಬಂದಾಗ ನಮ್ಮವ್ವ ಮೂರು ದಿನ ತುತ್ತು ಮುಟ್ಟಲಿಲ್ಲ. ಈಗ ಎರಡನೆಯದು. ಅವ್ವನಿಗೆ ಮಂಡಿ ನೋವು, ಒಳಗಿಂದ ಹಿತ್ತಿಲಿಗೆ ಹೋಗುವುದೇ ಕಷ್ಟ. ಹಾಗಾಗಿ ನಾನು.

ಹೊರಡುವ ದಿನ ಅವ್ವ ಹೊಸ್ತಿಲ ಮೇಲೆ ಗೋಡೆ ಹಿಡಿದು ನಿಂತಿದ್ದಳು.

"ವಿಮಾನದಾಗೆ ಕಿಟಕಿ ಪಕ್ಕ ಕುಂದರಬ್ಯಾಡ."

"ಆತು."

"ಅಲ್ಲಿ ಹೋಗಿ ದೇಶ ನೋಡ್ತೀನಿ ಅಂತ ತಿರುಗಬ್ಯಾಡ."

"ಇಲ್ಲವ್ವ."

"ನನಗೇನೂ ಬ್ಯಾಡ. ಸೀರೆ ಬ್ಯಾಡ, ಗಡಿಯಾರ ಬ್ಯಾಡ. 'ಇಬ್ರೂ ಅದಾರೆ' ಅಂತ ಒಂದು ಕಾಗದ ಹಾಕು. ಎರಡೇ ಮಾತು. ಅದು ಬರೋಗಂಟ ನನಗೆ ಉಣ್ಣಾಕೆ ಆಗಾದಿಲ್ಲ."

ಅಲ್ಲಿಂದ ಬೊಂಬಾಯಿಯವರೆಗೆ ಆ ಎರಡು ಮಾತು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡ ಹಾಗೆ ನನ್ನ ಸಂಗಡವೇ ಬಂತು. ವಿಮಾನದಲ್ಲಿ ಕಿಟಕಿ ಪಕ್ಕವೇ ಜಾಗ ಸಿಕ್ಕಿತು. ಬದಲಿಸಿ ಎಂದು ಕೇಳುವ ಧೈರ್ಯ ಆಗದೆ, ಕಣ್ಣು ಮುಚ್ಚಿಕೊಂಡು ಅವ್ವನ ಮಾತು ಉಳಿಸಿದೆ.

ಕಸ್ಟಮ್ಸಿನ ಮೇಜು

ನನ್ನ ಪೆಟ್ಟಿಗೆಯಲ್ಲಿ ಸೀರೆಗಿಂತ ಬಾಣಂತಿ ಸಾಮಾನು ಹೆಚ್ಚು. ಅಂಟಿನುಂಡೆ, ಒಣಶುಂಠಿ, ಅಳವಿ ಬೀಜ, ಕೊಬ್ಬರಿ ಬಟ್ಟಲು, ಕೂಸಿಗೆ ತೇಯ್ದು ನೆಕ್ಕಿಸಲು ಬಜೆ ಬೇರು, ಹಣೆಗೆ ಹಚ್ಚಲು ಎರಡು ವಿಭೂತಿ ಗಟ್ಟಿ. ಇಳಿದ ಮೇಲೆ ಕಸ್ಟಮ್ಸಿನ ಅಧಿಕಾರಿಯೊಬ್ಬ ಅವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟ. ಅಂಗಡಿ ತೆರೆದ ಹಾಗಾಯಿತು. ಎಲ್ಲಕ್ಕಿಂತ ಹೆಚ್ಚು ಅವನ ಕಣ್ಣು ನೆಟ್ಟಿದ್ದು ವಿಭೂತಿಯ ಮೇಲೆ. ಚಾಕುವಿನಿಂದ ಕೆರೆದ, ಪುಡಿಯನ್ನು ಬೆಳಕಿಗೆ ಹಿಡಿದ, ಇನ್ನೊಬ್ಬನನ್ನು ಕರೆದ. ನಾನು ಕಲಿತ ಇಂಗ್ಲಿಷ್ ಪಿಯುಸಿವರೆಗಿನದು. ಅದರಲ್ಲಿ ವಿಭೂತಿಗೆ ಏನೆನ್ನುತ್ತಾರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇಲ್ಲೇ ಹಿಡಿದು ಕೂರಿಸಿದರೆ ಗಿರಿಜಳ ಗತಿ ಏನು ಎಂದುಕೊಂಡೆ.

ಕಡೆಗೆ ಗಟ್ಟಿಯನ್ನು ಅವನ ಕೈಯಿಂದಲೇ ತೆಗೆದುಕೊಂಡು, ಬೆರಳಿಗೆ ಹಚ್ಚಿ, ಹಣೆಗೆ ಮೂರು ಪಟ್ಟೆ ಎಳೆದು, ಕೈ ಮುಗಿದೆ. ಇಬ್ಬರೂ ನನ್ನ ಹಣೆಯನ್ನೇ ನೋಡಿದರು. ವಿಭೂತಿಯನ್ನು ಬಿಟ್ಟರು. ಬಜೆಯನ್ನೂ ಅಳವಿಯನ್ನೂ ಮಾತ್ರ ಕಸದ ಡಬ್ಬಿಗೆ ಹಾಕಿದರು, ಬೇರು ಬೀಜ ಒಳಗೆ ಬಿಡುವ ಹಾಗಿಲ್ಲವಂತೆ. ಬಜೆಯಿಲ್ಲದ ಬಾಣಂತನವನ್ನು ನಾನು ಕಂಡಿರಲಿಲ್ಲ. ಹೊರಗೆ ಕಾಯುತ್ತಿದ್ದ ಶಿವಣ್ಣನಿಗೆ ಮೊದಲು ಹೇಳಿದ್ದೇ ಅದು.

"ಹೋಗ್ಲಿ ಬಿಡ್ರಿ ಅಕ್ಕಾರೆ," ಎಂದರು. "ನೀವು ಬಂದ್ರಲ್ಲ. ನಿಮ್ಮನ್ನ ಡಬ್ಬಿಗೆ ಹಾಕ್ಲಿಲ್ಲಲ್ಲ."

ಚೌಕಾಬಾರದ ನಾಡು

ಅಲ್ಲಿಂದ ಮತ್ತೊಂದು ಸಣ್ಣ ವಿಮಾನ, ಆಮೇಲೆ ಶಿವಣ್ಣನ ಕಾರು. ಸೂಳೆಕೆರೆಯ ಏರಿಯ ಮೇಲೆ ನಿಂತು ಮೊದಲ ಸಲ ನೀರು ನೋಡಿದವರಿಗೆ ಎದೆ ಝಲ್ಲೆನ್ನುತ್ತದಲ್ಲ, ಆ ನೆಲ ನನಗೆ ಹಾಗಾಯಿತು. ಆದರೆ ಸೂಳೆಕೆರೆಗೆ ಆಚೆ ದಡದಲ್ಲಿ ಗುಡ್ಡಗಳಿವೆ, ಕಣ್ಣು ಅಲ್ಲಿ ಹೋಗಿ ಕೂರುತ್ತದೆ. ಇಲ್ಲಿ ಕಣ್ಣು ಹೋದದ್ದು ಹೋಗುತ್ತಲೇ ಇತ್ತು. ಮೊಣಕಾಲಿಗೂ ಬಾರದ ಹಸಿರು ಗೋಧಿ, ಅದರ ಮೇಲೆ ಇಷ್ಟು ದೊಡ್ಡ ಆಕಾಶ. ಮರಗಳು ಅಲ್ಲೊಂದು ಇಲ್ಲೊಂದು ಮನೆಯ ಸುತ್ತ ಗಾಳಿಗೆ ಅಡ್ಡವಾಗಿ ನೆಟ್ಟವು ಮಾತ್ರ. ಏನಾದರೂ ಬಂದರೆ ಅಡಗಲು ಒಂದು ಜಾಲಿ ಮೆಳೆಯೂ ಇಲ್ಲ. ಏನು ಬರುತ್ತದೆ ಎಂದು ಕೇಳಬೇಡಿ, ಆಗ ನನಗೂ ಗೊತ್ತಿರಲಿಲ್ಲ.

ರಸ್ತೆಗಳೆಲ್ಲ ಚೌಕಾಬಾರದ ಮನೆ ಬರೆದ ಹಾಗೆ. ನೇರಕ್ಕೆ ಹೋಗಬೇಕು, ಇಲ್ಲ ಅಡ್ಡಕ್ಕೆ ತಿರುಗಬೇಕು. ನಮ್ಮ ಸವಳಂಗದ ದಾರಿಯಲ್ಲಾದರೆ ಹುಣಸೆ ಮರ ಬಂತು, ತಿರುವು ಬಂತು, ಗುಡಿ ಬಂತು ಎನ್ನಬಹುದು. ಇಲ್ಲಿ ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ವ್ಯತ್ಯಾಸವೇ ಕಾಣದು.

"ಹುಲ್ಲುಗಾವಲಿನ ನಾಡು ಅಂತ ಕಾಗದದಾಗೆ ಬರೆದಿದ್ರಿ, ಹುಲ್ಲೆಲ್ಲೈತ್ರಿ?" ಎಂದು ಕೇಳಿದೆ.

"ಎಲ್ಲ ಉತ್ತು ಗೋಧಿ ಹಾಕ್ಯಾರೆ ಅಕ್ಕಾರೆ. ಉಳಿದದ್ದು ಈ ರಸ್ತೆ ಪಕ್ಕದ್ದೇ," ಎಂದು ಶಿವಣ್ಣ ಎರಡೂ ಬದಿಯ ತಗ್ಗು ತೋರಿಸಿದರು. "ಹಿಮ ಕರಗಿದ ನೀರು ಹೋಗಾಕೆ ಮಾಡಿರೋದು. ಅದ್ರಾಗೆ ಏನಾರ ಬೆಳ್ಕಳ್ಳಿ ಅಂತ ಬಿಟ್ಟಾರೆ."

ನಮ್ಮ ಜಗಳೂರಿನ ಕಡೆಯೂ ಅದೇ ಕಾಲದಲ್ಲಿ ಗೋಮಾಳಗಳನ್ನು ಮುರಿದು ಶೇಂಗಾ ಹಾಕುತ್ತಿದ್ದರು. ರಸ್ತೆಗೆ ಮಣ್ಣು ತೆಗೆದ ಗುಂಡಿಗಳ ಅಂಚಿಗೆ ಮಾತ್ರ ಹುಲ್ಲು ಉಳಿದಿತ್ತು. ಕೌಜುಗ ಮರಿಗಳನ್ನು ಕಟ್ಟಿಕೊಂಡು ಓಡಾಡುವುದು, ನೆಲಗುಬ್ಬಿ ಮೊಟ್ಟೆಯಿಡುವುದು ಎಲ್ಲ ಅಲ್ಲಿಯೇ. ಕಡಲು ದಾಟಿ ಬಂದರೂ ನೆಲದ ಹಣೆಬರಹ ಒಂದೇ ಅನ್ನಿಸಿತು.

ಆ ಜನರ ಒಂದು ಅಭ್ಯಾಸ ಹೇಳಬೇಕು. ಎದುರಿಗೆ ಕಾರು ಬಂದರೆ, ಪರಿಚಯ ಇರಲಿ ಬಿಡಲಿ, ಸ್ಟಿಯರಿಂಗ್ ಮೇಲಿನ ಕೈ ಕದಲಿಸದೆ ತೋರುಬೆರಳೊಂದನ್ನು ಎತ್ತುತ್ತಾರೆ. ಅದೇ ನಮಸ್ಕಾರ. ಬಾಯಿಲ್ಲ, ನಗುವಿಲ್ಲ, ಒಂದು ಬೆರಳು. ನಮ್ಮಲ್ಲಿ "ಊಟ ಆತೇನ್ರಿ, ಮಳೆ ಹೆಂಗೈತ್ರಿ" ಎಂದು ಕೇಳುವುದನ್ನೆಲ್ಲ ಅವರು ಆ ಬೆರಳೊಂದರಲ್ಲಿ ಮುಗಿಸುತ್ತಿದ್ದರು.

ಹುಲ್ಲಿನ ತಗ್ಗು

ಗಿರಿಜಳ ಮನೆ ಊರಿನ ಕೊನೆಯಲ್ಲಿತ್ತು. ಬೆಳಿಗ್ಗೆ ಅವಳು ಏಳುವ ಮುಂಚೆ ನಾನು ಸ್ವಲ್ಪ ದೂರ ನಡೆದು ಬರುತ್ತಿದ್ದೆ. ಮೊದಲ ದಿನವೇ ಎರಡು ಕಾರು ನಿಂತವು. ಏನಾದರೂ ತೊಂದರೆಯೇ ಎಂದು ಕೇಳಿದರು. ಅಲ್ಲಿ ನಡೆಯುವವರು ಎಂದರೆ ಕಾರು ಕೆಟ್ಟವರು.

ನಡೆಯುವಾಗ ಕಂಡದ್ದು ಹಕ್ಕಿಗಳು. ಗೋಧಿಯ ನಡುವೆ ಒಂದೂ ಇಲ್ಲ, ಎಲ್ಲ ರಸ್ತೆ ಬದಿಗೇ ತುಂಬಿಕೊಂಡಿದ್ದವು. ಜಲ್ಲಿಯ ಅಂಚಿನ ಬೋಳು ನೆಲದಲ್ಲಿ ನಮ್ಮ ಟಿಟ್ಟಿಭದ ತಮ್ಮನಂಥ ಒಂದು, ಎದೆಗೆ ಎರಡು ಕಪ್ಪು ಪಟ್ಟಿ ಕಟ್ಟಿಕೊಂಡದ್ದು. ಬೇಲಿ ಗೂಟದ ಮೇಲೆ ಹಳದಿ ಎದೆಯ ಮೇಲೆ ಕರಿಮಣಿ ಸರ ಹಾಕಿದ ಹಾಗೆ ಕಾಣುವ ಒಂದು. ತಗ್ಗಿನ ಆಳದ ಹುಲ್ಲಲ್ಲಿ ತಲೆಯ ಹಿಂದೆ ಒಣಹುಲ್ಲಿನ ಬಣ್ಣ ಮೆತ್ತಿಕೊಂಡ ಒಂದು ಕರಿಯ ಹಕ್ಕಿ. ನೀರು ನಿಂತ ಕಡೆ ಜೊಂಡಿನ ಕಡ್ಡಿ ಹಿಡಿದು ತೂಗುವ ಇನ್ನೊಂದು. ಮೇಲೆ ಕರೆಂಟಿನ ಕಂಬದ ತುದಿಯಲ್ಲಿ ಗಿಡುಗವೊಂದು ಇವೆಲ್ಲವನ್ನೂ ನೋಡುತ್ತಾ ಕೂತಿರುತ್ತಿತ್ತು. ಅದು ಬೇಟೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿರಲಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ ಸಿಕ್ಕುತ್ತಿದ್ದವು.

ಟಿಟ್ಟಿಭದ ವಿಷಯ ಗಿರಿಜಳಿಗೆ ಹೇಳಿದಾಗ ಅವಳು ನಗಲಿಲ್ಲ. ನಮ್ಮ ಅಜ್ಜಿ ಚನ್ನಗಿರಿ ಹತ್ತಿರದ ನಲ್ಲೂರಿನವಳು. ಅವಳ ಮಾತೊಂದು ನಮ್ಮ ಮನೆಯಲ್ಲಿ ಕಾನೂನಿನ ಹಾಗೆ ಇತ್ತು: ಬಸುರಿ ಕೂತ ಗಾಡಿಯ ಗಾಲಿಗೆ ಟಿಟ್ಟಿಭದ ಮೊಟ್ಟೆ ಸಿಕ್ಕಬಾರದು. ಹಾಗಾಗಿ ದಾರಿಯಲ್ಲಿ ಆ ಹಕ್ಕಿ ರೆಕ್ಕೆ ಎಳೆದುಕೊಂಡು ಕುಂಟಿದರೆ ಗಾಡಿ ನಿಲ್ಲಿಸಬೇಕು, ಇಳಿದು ಮೊಟ್ಟೆ ಎಲ್ಲಿದೆ ಎಂದು ಹುಡುಕಬೇಕು, ಎತ್ತುಗಳನ್ನು ಮೂಗುದಾರ ಹಿಡಿದು ಬಳಸಿ ನಡೆಸಬೇಕು. ಹೊನ್ನಾಳಿಯ ಕಡೆಯೂ ಹೀಗೆಯೇ ಎಂದು ಶಿವಣ್ಣ ಹೇಳಿದರು.

"ಹೋದ್ಸಲ ನಾವೇನಾರ ತುಳಿದಿದ್ವೇನೋ," ಎಂದಳು ಗಿರಿಜ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು.

"ಸುಮ್ನಿರೆ," ಎಂದೆ. ಹೇಳಬಾರದಿತ್ತು ಅನ್ನಿಸಿತು.

ಬೆಳ್ಳಿ ಮೂಡುವ ಹೊತ್ತು

ದಿನ ತುಂಬಲು ಇನ್ನೂ ವಾರಗಳಿದ್ದವು. ಒಂದು ನಸುಕಿನಲ್ಲಿ ಗಿರಿಜ ಬಂದು ನನ್ನ ಭುಜ ಮುಟ್ಟಿದಳು. "ಅಕ್ಕ, ನೀರು ಹೋಗ್ತೈತೆ," ಎಂದಳು. ಅವಳ ದನಿ ಸಣ್ಣಗಿತ್ತು, ಚಿಕ್ಕಂದಿನಲ್ಲಿ ಲೋಟ ಒಡೆದು ಬಂದು ಹೇಳುತ್ತಿದ್ದ ಹಾಗೆ.

ಆಸ್ಪತ್ರೆ ಇದ್ದದ್ದು ದೂರದ ಪಟ್ಟಣದಲ್ಲಿ. ಶಿವಣ್ಣ ಫೋನು ಮಾಡಿದರು. ಕೂಡಲೇ ಕರೆತನ್ನಿ, ಹೊತ್ತು ಕಳೆಯಬೇಡಿ ಎಂದರಂತೆ. ನಾನು ಹಿಂದಿನ ಸೀಟಿನಲ್ಲಿ ಗಿರಿಜಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಕಪ್ಪು ಆಕಾಶದ ಒಂದು ಅಂಚು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಶಿವಣ್ಣ ಅಡ್ಡದಾರಿ ಎಂದು ಜಲ್ಲಿ ರಸ್ತೆ ಹಿಡಿದರು.

ಕಾರಿನ ಬೆಳಕಿನಲ್ಲಿ, ರಸ್ತೆಯ ನಟ್ಟನಡುವೆ, ಆ ಎದೆಪಟ್ಟಿಯ ಹಕ್ಕಿ ಒಂದು ರೆಕ್ಕೆ ಹರವಿಕೊಂಡು ತೆವಳುತ್ತಿತ್ತು.

"ಅಯ್ಯೋ, ಮೊಟ್ಟೆ" ಎಂದೆ ನಾನು. "ರೀ" ಎಂದಳು ಗಿರಿಜ, ತಲೆ ಎತ್ತಿ. ಶಿವಣ್ಣ ಆಗಲೇ ಸ್ಟಿಯರಿಂಗ್ ಎಳೆದಿದ್ದರು. ಮೂವರಲ್ಲಿ ಒಬ್ಬರಾದರೂ ಬೇರೆ ಸೀಮೆಯವರು ಇದ್ದಿದ್ದರೆ ಕಾರು ಸೀದಾ ಹೋಗುತ್ತಿತ್ತು, ಹಕ್ಕಿ ಕೊನೆ ಗಳಿಗೆಗೆ ಹಾರಿ ಹೋಗುತ್ತಿತ್ತು. ಆದರೆ ಕಾರಿನಲ್ಲಿದ್ದದ್ದು ನ್ಯಾಮತಿಯ ಇಬ್ಬರು, ಹೊನ್ನಾಳಿಯ ಒಬ್ಬರು. ಸಡಿಲ ಜಲ್ಲಿಯ ಮೇಲೆ ಎತ್ತಿನ ಗಾಡಿಯ ಬುದ್ಧಿ ನಡೆಯದು. ಕಾರು ಅಡ್ಡಡ್ಡ ಜಾರಿತು, ಹುಲ್ಲು ಗಾಜಿಗೆ ಬಡಿಯಿತು, ಮೂತಿ ತಗ್ಗಿನಲ್ಲಿ ಹೂತು, ಹಿಂದಿನ ಒಂದು ಗಾಲಿ ಗಾಳಿಯಲ್ಲಿ ನಿಂತಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಕಾರು ಮಾತ್ರ ಏನು ಮಾಡಿದರೂ ಮೇಲೆ ಬರಲಿಲ್ಲ. ವಾಲಿದ ಕಾರಿನಲ್ಲಿ ಗಿರಿಜಳಿಗೆ ಮಲಗಲೂ ಆಗದು, ಕೂರಲೂ ಆಗದು. ಇಬ್ಬರೂ ಸೇರಿ ಅವಳನ್ನು ಇಳಿಸಿ, ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಇಬ್ಬನಿಗೆ ಕಂಬಳಿ ಕೂಡಲೇ ಒದ್ದೆಯಾಯಿತು.

ಮುಂದೆ ಒಂದು ದೀಪ ಕಾಣುತ್ತಿತ್ತು, ಯಾವುದೋ ರೈತನ ಮನೆಯದು.

"ಅಗಾ ಅಲ್ಲೈತೆ. ಓಡಿ ಹೋಗಿ ಕಾರು ತರ್ತೀನಿ," ಎಂದರು ಶಿವಣ್ಣ.

"ಹತ್ರ ಐತೇನ್ರಿ?"

"ಹತ್ರನೇ ಕಾಣ್ತೈತೆ."

ಅವರು ಓಡಿದರು. ಬಯಲು ಸೀಮೆಯವಳಾದ ನನಗೆ ಗೊತ್ತಿತ್ತು, ಬಯಲಿನಲ್ಲಿ ಕಾಣುವ ದೀಪ ಹತ್ತಿರದ್ದಲ್ಲ. ಗೊತ್ತಿದ್ದೂ ಹೇಳಲಿಲ್ಲ. ಹೇಳಿದರೆ ಅವರು ನಿಲ್ಲುತ್ತಿದ್ದರು, ನಿಂತು ಏನು ಮಾಡುವುದು? ಜಲ್ಲಿಯ ಮೇಲೆ ಅವರ ಬೂಟಿನ ಸದ್ದು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ನಾವಿಬ್ಬರೇ ಉಳಿದೆವು.

ನಿಂತು ನಿಂತು

ನೋವು ಬಂದಾಗ ಗಿರಿಜ ನನ್ನ ಮುಂಗೈ ಹಿಡಿಯುತ್ತಿದ್ದಳು, ಹೋದಾಗ ಬಿಡುತ್ತಿದ್ದಳು. ಹಿಡಿತದ ನಡುವಿನ ಬಿಡುವು ಕಡಿಮೆಯಾಗುತ್ತಾ ಬಂತು. ನಾನು ಬಾಣಂತನ ಮಾಡಿದವಳು, ಹೆರಿಗೆ ಮಾಡಿಸಿದವಳಲ್ಲ. ನಮ್ಮಲ್ಲಿ ಅದಕ್ಕೆ ಸೂಲಗಿತ್ತಿ ಬರುತ್ತಿದ್ದಳು, ನಾನು ಬಿಸಿನೀರು ಕಾಯಿಸುತ್ತಿದ್ದೆ. ಇಲ್ಲಿ ಬಿಸಿನೀರೂ ಇಲ್ಲ. ದಿನ ತುಂಬದ ಕೂಸು ಈ ಒದ್ದೆ ಹುಲ್ಲಿಗೆ ಬಿದ್ದರೆ ಏನು ಸುತ್ತಲಿ, ಯಾವುದರಿಂದ ಹೊಕ್ಕಳು ಕತ್ತರಿಸಲಿ ಎಂದು ಯೋಚಿಸಿ, ಯೋಚನೆಯನ್ನು ಅಲ್ಲೇ ತುಳಿದು ಹಾಕಿದೆ.

ಆಗ ನಾವು ಬಂದ ದಿಕ್ಕಿನಲ್ಲಿ ಎರಡು ಬೆಳಕು ಕಂಡವು.

"ಕಾರು ಬಂತು ಕಣೆ," ಎಂದೆ.

ಬಂತು. ಬಂದು, ಅಷ್ಟು ದೂರದಲ್ಲಿ ನಿಂತಿತು. ಬೆಳಕು ಆರಿತು.

ಕಾಯ್ದೆ. ಏನೂ ಇಲ್ಲ. ಕಣ್ಣಿಗೆ ಭ್ರಮೆಯಾಯಿತೇ ಎಂದುಕೊಳ್ಳುವಷ್ಟರಲ್ಲಿ ಬೆಳಕು ಹತ್ತಿತು, ಕಾರು ಹೊರಟಿತು. ಸ್ವಲ್ಪ ಮುಂದೆ ಬಂದು ಮತ್ತೆ ನಿಂತಿತು. ಮತ್ತೆ ಆರಿತು.

ನಮ್ಮ ಜಗಳೂರು ಬಯಲಿನಲ್ಲಿ ಕೊಳ್ಳಿದೆವ್ವದ ಕತೆ ಕೇಳಿ ಬೆಳೆದ ಮಕ್ಕಳು ಬಹಳ. ಹತ್ತಿ, ಆರಿ, ಹತ್ತಿ, ಆರಿ, ದಾರಿಹೋಕರ ಕಡೆಗೆ ಬರುತ್ತದಂತೆ. ಅಂಥದನ್ನು ನಾನು ನಂಬಿದವಳಲ್ಲ. ಆದರೆ ದೆವ್ವವಲ್ಲದಿದ್ದರೆ ಮನುಷ್ಯ, ಮನುಷ್ಯನಾದರೆ ಯಾಕೆ ಹೀಗೆ ಬರುತ್ತಾನೆ? ದಾರಿಯಲ್ಲಿ ಬಿದ್ದವರನ್ನು ಹುಡುಕುತ್ತಿದ್ದಾನೆಯೇ? ಕುಡಿದಿದ್ದಾನೆಯೇ? ದೋಚುವವನೇ? ಗಿರಿಜಳ ಕೊರಳ ಸರವನ್ನು ಸೆರಗಿನಿಂದ ಮುಚ್ಚಿದೆ. ಮೊದಲು ಬೆಳಕು ಬರಲಿ ಎಂದು ಬೇಡುತ್ತಿದ್ದವಳು, ಈಗ ಬಾರದಿರಲಿ ಎಂದು ಬೇಡತೊಡಗಿದೆ.

"ಯಾರಾರ ಆಗ್ಲಿ, ಹೋಗಿ ಕರಿ ಅಕ್ಕ," ಎಂದಳು ಗಿರಿಜ.

"ನಿನ್ನ ಬಿಟ್ಟು ಹೆಂಗೆ ಹೋಗ್ಲಿ?"

"ನಾನೆಲ್ಲಿ ಹೋಗ್ತೀನಿ. ಹೋಗು."

ಮೂರನೆಯ ಸಲ ಅದು ನಮಗೆ ಕೂಗಳತೆಯಲ್ಲಿ ನಿಂತಿತು. ಅಷ್ಟರಲ್ಲಿ ಮುಖ ಗುರುತು ಸಿಗುವಷ್ಟು ಬೆಳಕಾಗಿತ್ತು. ತಗ್ಗು ಹತ್ತಿ, ಸೀರೆ ಎತ್ತಿಕಟ್ಟಿ, ರಬ್ಬರ್ ಚಪ್ಪಲಿಯಲ್ಲಿ ಜಲ್ಲಿಯ ಮೇಲೆ ಓಡಿದೆ. ಕಾರಿನಿಂದ ಇಳಿದವಳು ಒಬ್ಬ ಹೆಂಗಸು. ವಯಸ್ಸಾದವಳು, ಗಂಡಸರ ಪ್ಯಾಂಟು, ತಲೆಗೆ ಉಣ್ಣೆ ಟೋಪಿ. ನನಗೆ ಬೆನ್ನು ಮಾಡಿ, ತಗ್ಗಿನ ಕಡೆ ಮುಖ ಮಾಡಿ, ಕಂಬದ ಹಾಗೆ ನಿಂತಿದ್ದಳು. ಸುಮ್ಮನೆ ನಿಂತಿದ್ದಳು, ಅಷ್ಟೇ.

"ಮೇಡಂ, ಮೇಡಂ," ಎಂದೆ.

ಅವಳು ತಿರುಗಲಿಲ್ಲ. ಒಂದು ಬೆರಳು ಎತ್ತಿದಳು.

ನಮಸ್ಕಾರ! ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ಆಕೆ ನನಗೆ ಊರಿನವರ ಹಾಗೆ ನಮಸ್ಕಾರ ಮಾಡಿದಳು ಎಂದುಕೊಂಡೆ. ತಲೆ ಸರಿಯಿಲ್ಲದವಳು ಎಂದು ಖಾತ್ರಿಯಾಯಿತು. ಸಿಕ್ಕ ಒಂದು ನರಪಿಳ್ಳೆ, ಅದೂ ಹೀಗೆ. ಹಿಂದಕ್ಕೆ ನೋಡಿದರೆ ಗಿರಿಜ ಕಾಣಲಿಲ್ಲ, ಹುಲ್ಲು ಮುಚ್ಚಿಕೊಂಡಿತ್ತು. ಹೆರಿಗೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ಆ ಮಾತು ಎಲ್ಲಿ ಹೋಯಿತೋ. ಆಕೆಯ ಎತ್ತಿದ ಕೈಯನ್ನೇ ಹಿಡಿದು ಎಳೆದು, ನನ್ನ ಹೊಟ್ಟೆಯನ್ನು ಮುಟ್ಟಿ, ತೋಳಲ್ಲಿ ಕೂಸು ತೂಗುವ ಹಾಗೆ ತೂಗಿ, ತಗ್ಗು ತೋರಿಸಿದೆ.

ಆಕೆ ನನ್ನ ಮುಖ ನೋಡಿದಳು. ಆಮೇಲೆ ಆಕೆ ಓಡಿದ್ದನ್ನು ನೋಡಬೇಕಿತ್ತು. ನನಗಿಂತ ಎಷ್ಟೋ ಹಿರಿಯಳು, ನಾನು ಹಿಂದೆ ಬಿದ್ದೆ.

ಗಾಜಿನ ಪೆಟ್ಟಿಗೆ

ಆಕೆಯ ಹೆಸರು ಡೋರಿಸ್. ನಾನು ಡೋರಿಸಮ್ಮ ಎಂದೇ ಕರೆದೆ, ಆಕೆಗೂ ಅದು ಒಗ್ಗಿತು. ಮಾತಾಡದೆ ಗಿರಿಜಳ ಇನ್ನೊಂದು ತೋಳು ಹಿಡಿದು, ಕಾರಿನ ಹಿಂದಿನ ಸೀಟಿಗೆ ಸೇರಿಸಿ, ತನ್ನ ಕೋಟು ಹೊದೆಸಿ, ನಾನು ಬಾಗಿಲು ಹಾಕುವುದರೊಳಗೆ ಹೊರಟಿದ್ದರು. ದಾರಿಯಲ್ಲಿ ಶಿವಣ್ಣ ಸಿಕ್ಕರು. ದೀಪದ ಮನೆ ತಲುಪಿದ್ದರು ಪಾಪ, ಆದರೆ ಆ ಮನೆಯ ನಾಯಿ ಅವರನ್ನು ಒಂದು ಎಣ್ಣೆ ಪೀಪಾಯಿಯ ಮೇಲೆ ಹತ್ತಿಸಿ ಕಾವಲು ಕೂತಿತ್ತು. ಮನೆಯವರು ಊರಲ್ಲಿರಲಿಲ್ಲ. ಡೋರಿಸಮ್ಮ ಕಾರಿನಿಂದ ಇಳಿಯದೆ ನಾಯಿಯನ್ನು ಹೆಸರು ಹಿಡಿದು ಗದರಿದರು. ಅದು ಬಾಲ ಮುದುಡಿಕೊಂಡು ಹೋಯಿತು.

ಗಿರಿಜಳಿಗೆ ಆ ನೋವಿನಲ್ಲೂ ನಗು ಬಂತು. "ಲೆಕ್ಕದ ಮೇಷ್ಟ್ರಿಗೆ ದೂರ ಎಷ್ಟು ಅಂತ ಗೊತ್ತಾಗ್ಲಿಲ್ಲೇನ್ರಿ?" ಎಂದಳು. ಶಿವಣ್ಣ ಅಳುತ್ತಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ತಳ್ಳುಗಾಡಿಗೆ ಹಾಕಿಕೊಂಡು ಒಳಗೆ ಹೋದರು. ನಾವು ಕೂತ ಬೆಂಚಿಗೆ ಬಿಸಿಲು ಬರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಸಣ್ಣದು, ಬಹಳ ಸಣ್ಣದು. ನನ್ನ ಅಂಗೈ ಎರಡು ಜೋಡಿಸಿದರೆ ಸಾಕಾಗುವಷ್ಟು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಹೊರಗಿನಿಂದ ನೋಡಿ ಎಂದರು.

ಆ ದಿನಗಳ ಹೆದರಿಕೆ ಬೇರೆ ತರಹದ್ದು. ತಗ್ಗಿನ ಹೆದರಿಕೆ ಓಡಿಸುತ್ತಿತ್ತು, ಇದು ಕೂರಿಸುತ್ತಿತ್ತು. ಅವ್ವನಿಗೆ ಕಾಗದ ಬರೆಯಲು ದಿನಾ ಪೆನ್ನು ಹಿಡಿಯುತ್ತಿದ್ದೆ, ದಿನಾ ಇಡುತ್ತಿದ್ದೆ. 'ಇಬ್ಬರೂ ಇದ್ದಾರೆ' ಎಂದು ಬರೆದ ಕಾಗದ ಅಷ್ಟು ದೂರ ಹೋಗಿ ತಲುಪುವ ಹೊತ್ತಿಗೆ ಅದು ಸುಳ್ಳಾಗಿದ್ದರೆ? ಅಲ್ಲಿ ನ್ಯಾಮತಿಯಲ್ಲಿ ಉಣ್ಣದೆ ಕೂತವಳು ಒಬ್ಬಳು, ಇಲ್ಲಿ ಬರೆಯದೆ ಕೂತವಳು ನಾನು.

ಡೋರಿಸಮ್ಮ ಆಗಾಗ ಬಂದು ನನ್ನ ಪಕ್ಕ ಕೂರುತ್ತಿದ್ದರು. ನನ್ನ ಮುರುಕು ಇಂಗ್ಲಿಷಿಗೆ ಅವರು ನಿಧಾನ ಮಾತಾಡುತ್ತಿದ್ದರು. ಆ ನಸುಕಿನ ಗುಟ್ಟು ಹಾಗೆ ತಿಳಿಯಿತು. ಅವರು ಹಕ್ಕಿ ಎಣಿಸುವವರು. ವರ್ಷಕ್ಕೊಂದು ಸಲ, ಹಕ್ಕಿಗಳು ಹಾಡುವ ತಿಂಗಳಲ್ಲಿ, ಸೂರ್ಯ ಹುಟ್ಟುವ ಮುಂಚೆ ಶುರುಮಾಡಿ, ಗೊತ್ತಾದ ರಸ್ತೆಯಲ್ಲಿ ಸ್ವಲ್ಪ ದೂರಕ್ಕೊಮ್ಮೆ ನಿಂತು, ಕಿವಿಗೆ ಬಿದ್ದ ಕಣ್ಣಿಗೆ ಕಂಡ ಹಕ್ಕಿಯನ್ನೆಲ್ಲ ಲೆಕ್ಕ ಹಾಕಿ ಮುಂದೆ ಹೋಗುತ್ತಾರೆ. ಎಣಿಸುವಾಗ ಮಾತಾಡುವ ಹಾಗಿಲ್ಲ. ಎತ್ತಿದ ಬೆರಳು ನಮಸ್ಕಾರವಲ್ಲ, ಸ್ವಲ್ಪ ತಡಿ ಎಂದು. ಸಂಬಳವಿಲ್ಲದ ಕೆಲಸ. ಗಂಡ ಇದ್ದಾಗ ಇಬ್ಬರೂ ಹೋಗುತ್ತಿದ್ದರಂತೆ, ಆತ ಕಾರು ಓಡಿಸುವುದು, ಈಕೆ ಕಿವಿಗೊಡುವುದು.

"ರಸ್ತೆಯಲ್ಲೇ ಯಾಕೆ ಎಣಿಸುತ್ತೀರಿ?" ಎಂದು ಕೇಳಿದೆ.

"ಎಣಿಸಲು ಸುಲಭ ಎಂದು ಶುರುವಾಯಿತು. ಈಗ ಅಲ್ಲಿ ಬಿಟ್ಟರೆ ಬೇರೆಲ್ಲೂ ಅವು ಹೆಚ್ಚು ಉಳಿದಿಲ್ಲ," ಎಂದರು. ಗೋಧಿಯಲ್ಲಿ ಗೂಡು ಕಟ್ಟಲಾಗದು. ತಗ್ಗಿನ ಹುಲ್ಲು ಕೆಲವೇ ಮಾರು ಅಗಲ. ಅದೇ ಮನೆ, ಅದರಲ್ಲೇ ಕಾರು, ಅದರಲ್ಲೇ ಬೆಕ್ಕು ನರಿ, ದನಕ್ಕೆ ಮೇವೆಂದು ಕೊಯ್ಯುವ ಯಂತ್ರ ಬರುವುದೂ ಅಲ್ಲಿಗೇ. ಬೇಗ ಕೊಯ್ದರೆ ಮೊಟ್ಟೆ ಹೋಗುತ್ತವೆ, ತಡವಾಗಿ ಕೊಯ್ದರೆ ಮರಿ ಹಾರಿರುತ್ತವೆ. "ಆ ಕೆಲವು ದಿನಗಳ ಮೇಲೆ ಎಲ್ಲವೂ ನಿಂತಿದೆ," ಎಂದು ಹೇಳಿ, ಗಾಜಿನೊಳಗೆ ಎದೆ ಏರಿಳಿಸುತ್ತಿದ್ದ ಕೂಸಿನ ಕಡೆ ನೋಡಿ, ಅವರು ಮಾತು ನಿಲ್ಲಿಸಿದರು. ಹೇಳಬಾರದಿತ್ತು ಅನ್ನಿಸಿರಬೇಕು.

ಒಂದು ಮಧ್ಯಾಹ್ನ ನರ್ಸು ಪೆಟ್ಟಿಗೆ ತೆರೆದು ಕೂಸನ್ನು ಗಿರಿಜಳ ಮಡಿಲಿಗೆ ಕೊಟ್ಟಳು. ಇನ್ನು ಒಳಗೆ ಇಡಬೇಕಿಲ್ಲ ಎಂದಳು. ಗಿರಿಜ ಕೂಸಿನ ಕಾಲ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. "ಅಕ್ಕ, ಈಗ ಬರಿ ಅವ್ವಗೆ," ಎಂದಳು. ಆಸ್ಪತ್ರೆಯ ಅಂಗಡಿಯಲ್ಲೇ ಅಂಚೆ ಕಾಗದ ಕೊಂಡು, ನಿಂತುಕೊಂಡೇ ಎರಡು ಮಾತು ಬರೆದು ಹಾಕಿದೆ.

ಅದೇ ರಸ್ತೆ

ಅರ್ಧಕ್ಕೆ ಬಿಟ್ಟ ಎಣಿಕೆ ನಡೆಯುವುದಿಲ್ಲವಂತೆ. ಮೊದಲಿನಿಂದ ಮತ್ತೆ ಮಾಡಬೇಕು, ಅದೂ ಹಾಡು ನಿಲ್ಲುವುದರೊಳಗೆ. ನನ್ನನ್ನೂ ಬಾ ಎಂದರು ಡೋರಿಸಮ್ಮ. ಕೂಸೂ ತಾಯಿಯೂ ಮನೆಗೆ ಬಂದಿದ್ದರು, ಶಿವಣ್ಣ ಮನೆಯಲ್ಲಿದ್ದರು. ಹೋದೆ.

ಕಾರು ನಿಲ್ಲುವುದು, ದೀಪ ಆರುವುದು, ಇಳಿದು ಮಾತಿಲ್ಲದೆ ನಿಲ್ಲುವುದು, ಮತ್ತೆ ಹೊರಡುವುದು. ಈಗ ನಾನು ಬೆಳಕಿನ ಒಳಗಿದ್ದೆ. ಆದರೂ ಆ ಜಾಗ ಹತ್ತಿರವಾದ ಹಾಗೆ ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹಗಲು ಹರಿಯುತ್ತಿತ್ತು. ಜಲ್ಲಿಯ ಮೇಲೆ ನಮ್ಮ ಗಾಲಿ ಜಾರಿದ ಗುರುತು ಮಾಸಿತ್ತು. ಎದುರು ಬದಿಯ ತಗ್ಗನ್ನು ಯಾರೋ ಆಗಲೇ ನುಣ್ಣಗೆ ಕೊಯ್ದು ಸುರುಳಿ ಸುತ್ತಿದ್ದರು. ನಾವು ಕೂತಿದ್ದ ಬದಿ ಹಾಗೆಯೇ ಇತ್ತು. ಎರಡೂ ಬದಿಯ ಹಕ್ಕಿಗಳು ಇತ್ತಲೇ ಬಂದು ಸೇರಿದ ಹಾಗಿತ್ತು.

ಡೋರಿಸಮ್ಮ ಬೆರಳೆತ್ತಿದರು. ನಿಂತೆವು.

ಅಬ್ಬ, ಆ ಗದ್ದಲ. ಗೂಟದ ಮೇಲೆ ಕರಿಮಣಿ ಸರದ್ದು ಕೊಳಲು ಊದಿದ ಹಾಗೆ, ಹುಲ್ಲಿನ ಮೇಲೆ ಹಾರುತ್ತಲೇ ಕರಿಯದು ಗುಳುಗುಳು ಎಂದು ಗೆಜ್ಜೆ ಚೆಲ್ಲಿದ ಹಾಗೆ, ನೀರಿನ ಕಡೆಯಿಂದ ಕಿರುಗುಟ್ಟುವುದು ಇನ್ನೊಂದು, ಎಲ್ಲೋ ನೆಲದಲ್ಲಿ ಕಾಣದೆ ಕೀಟದಂತೆ ಎಳೆ ಎಳೆಯಾಗಿ ಮತ್ತೊಂದು. ಸಂತೆ ಸೇರಿದ ಹಾಗೆ ಒಂದರ ಮೇಲೊಂದು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ.

ಎಣಿಕೆ ಮುಗಿದ ಮೇಲೆ, "ಆ ದಿನ ಇವು ಇಲ್ಲಿರಲಿಲ್ಲ ಅಲ್ಲವೇ?" ಎಂದು ಕೇಳಿದೆ.

"ಇದ್ದವು. ಇದಕ್ಕಿಂತ ಹೆಚ್ಚಿಗೇ ಇದ್ದವು. ಆಗ ಹುಲ್ಲು ಕೊಯ್ದಿರಲಿಲ್ಲ," ಎಂದರು ಡೋರಿಸಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನನಗಿಂತ ಮುಂಚೆ, ಅಷ್ಟು ಹೊತ್ತು, ಈ ಹುಲ್ಲಿನೊಳಗೇ ಕೂತಿದ್ದವಳು ನೀನು. ನಿನಗೇನು ಕೇಳಿಸಿತು?" ಎಂದರು.

ನೆನಪಿನಲ್ಲಿ ಹುಡುಕಿದೆ. ಒಂದು ಚಿಲಿಪಿಲಿಯೂ ಸಿಗಲಿಲ್ಲ.

"ನನ್ನ ತಂಗಿಯ ಉಸಿರು," ಎಂದೆ. "ಅದೊಂದೇ."

ಡೋರಿಸಮ್ಮ ಹೌದೆನ್ನುವ ಹಾಗೆ ತಲೆಯಾಡಿಸಿದರು. ಮುಂದಿನ ಜಾಗಕ್ಕೆ ಹೋಗಬೇಕಿತ್ತು, ಸೂರ್ಯ ಏರುತ್ತಿದ್ದ. ಆದರೂ ಇನ್ನೂ ಸ್ವಲ್ಪ ಹೊತ್ತು ನಾವಿಬ್ಬರೂ ಅಲ್ಲೇ ನಿಂತು ಕೇಳಿದೆವು.